ಮೂಲೆಯ ಕಂಪ್ಯೂಟರಿನಲ್ಲಿ ಉಳಿದ ಹೆಸರು

ನಮ್ಮ ಸಮಾಜದಲ್ಲಿ ಹುಡುಗಿಗೆ ಉಡಿ ತುಂಬಿ ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡಿದ ದಿನವೇ ಅವಳ ಹೆಸರು ವಧು-ವರರ ಪಟ್ಟಿಯಿಂದ ಹೊರಗೆ ಬರಬೇಕು. ಪಟ್ಟಿ ಕಾಗದದ ಮೇಲಿದ್ದಾಗಲೂ ಇದೇ ನಿಯಮ, ಇಂಟರ್ನೆಟ್ಟಿಗೆ ಏರಿದ ಮೇಲೂ ಇದೇ ನಿಯಮ. ತೆಗೆಯಿರಿ ಎಂದು ಹೇಳುವ ಹಕ್ಕು ಗಂಡಿನ ಕಡೆಯ ಹಿರಿಯರದು. “ಹುಡುಗಿ ಇನ್ನ ನಮ್ಮ ಮನಿಯಾಕಿ, ಹೆಸರ ತೆಗೀರಿ” ಎಂದು ಫೋನ್ ಮಾಡುವುದರಲ್ಲಿ ಅವರಿಗೊಂದು ಹೆಮ್ಮೆ. ಮರುದಿನ ಪಟ್ಟಿ ನೋಡುತ್ತಾರೆ, ಹೆಸರು ಇಲ್ಲದ್ದನ್ನು ಕಂಡು ಇನ್ನೊಂದು ಸುತ್ತು ಚಹಾ ಕುಡಿಯುತ್ತಾರೆ. ಉಡಿ ತುಂಬಿದ ಮೇಲೂ ಹೆಸರು ಉಳಿದರೆ ಅದಕ್ಕೆ ಒಂದೇ ಅರ್ಥ. ಹೆಣ್ಣಿನ ಮನೆಯವರು ಇನ್ನೂ ಒಳ್ಳೆಯ ಸಂಬಂಧ ಸಿಕ್ಕೀತೇ ಎಂದು ಕಾಯುತ್ತಿದ್ದಾರೆ.

ಆ ಪಟ್ಟಿಯನ್ನು ಇಂಟರ್ನೆಟ್ಟಿಗೆ ಏರಿಸಿದವಳು ನಾನು. ಕರ್ನಾಟಕದ ಗಡಿ ದಾಟಿದರೆ ಸಿಗುವ ಜಹೀರಾಬಾದಿನ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಆಫೀಸು. ಕಾಲೇಜು, ನರ್ಸಿಂಗ್ ಹೋಮು, ಬೀಜದ ಅಂಗಡಿ, ಯಾರು ಬಂದರೂ ವೆಬ್‌ಸೈಟ್ ಕಟ್ಟಿಕೊಡುತ್ತಿದ್ದೆ. ಸಮಾಜದ ಕಾರ್ಯದರ್ಶಿಗಳು ನಿವೃತ್ತ ಹೆಡ್‌ಮಾಸ್ತರು, ನನಗೆ ಮಗ್ಗಿ ಕಲಿಸಿದವರು. ಒಂದು ದಿನ ಮೆಟ್ಟಿಲು ಹತ್ತಿ ಬಂದು, “ತಂಗೀ, ನಮ್ಮ ಮಂದಿ ಇಲ್ಲಿ, ನಾರಾಯಣಖೇಡ, ತಾಂಡೂರ ಅಂತ ಹರಕೊಂಡಾರ. ಪಟ್ಟಿ ನೋಡಾಕ ಎಲ್ಲಾರೂ ನನ್ನ ಮನಿತನಕ ಬರಬೇಕಂದ್ರ ಹ್ಯಾಂಗ?” ಎಂದರು. ಸೇವೆ ಎಂದು ಒಪ್ಪಿಕೊಂಡೆ. ಆಮೇಲೆ ಅದನ್ನು ಸೇವೆಗಿಂತ ಹೆಚ್ಚು ಜಂಬದಿಂದ ನಡೆಸಿದೆ ಎನ್ನುವುದನ್ನೂ ಹೇಳಿಬಿಡಬೇಕು.

ಕಟ್ಟಿದ ರೀತಿ ಹೀಗಿತ್ತು. ಪುಟ ತೆರೆದರೆ ಅದರ ಹಿಂದೆಯೇ ಒಂದು ಸ್ಕ್ರಿಪ್ಟ್ ಫೈಲು ಬರುತ್ತದೆ. ಅದರಲ್ಲಿ ಎಲ್ಲ ಹುಡುಗ-ಹುಡುಗಿಯರ ಹೆಸರು, ಊರು, ಓದು, ಒಳಪಂಗಡ. ಈ ಫೈಲು ಎಲ್ಲಿಯೂ ಸಿದ್ಧವಾಗಿ ಕೂತಿರುವುದಿಲ್ಲ. ಯಾರಾದರೂ ಕೇಳಿದಾಗ ಸರ್ವರು ಡೇಟಾಬೇಸ್ ನೋಡಿ ಆಗಲೇ ಬರೆದುಕೊಡುತ್ತದೆ, ತವೆಯಿಂದ ನೇರ ತಾಟಿಗೆ ಬೀಳುವ ರೊಟ್ಟಿಯ ಹಾಗೆ. ಆದ್ದರಿಂದ ಡೇಟಾಬೇಸಿನಲ್ಲಿ ಒಂದು ಹೆಸರು ತೆಗೆದರೆ ಮರುಕ್ಷಣ ಪಟ್ಟಿಯಲ್ಲೂ ಹೋಗಬೇಕು. ಹುಡುಗಿಯರ ಫೋಟೊ ಹಾಕುವುದು ಬೇಡವೆಂದು ಹಿರಿಯರು ಹೇಳಿದ್ದರಿಂದ ಪಟ್ಟಿ ಬರೀ ಕನ್ನಡ ಅಕ್ಷರಗಳದು.

ಶುರುವಿನಲ್ಲಿ ನಾರಾಯಣಖೇಡದಿಂದಲೂ ತಾಂಡೂರಿನಿಂದಲೂ ಒಂದೇ ದೂರು. ಪುಟ ತೆರೆಯುವಷ್ಟರಲ್ಲಿ ಹುಡುಗಿಗೆ ಮದುವೆಯಾಗಿ ಮಕ್ಕಳೂ ಆಗುತ್ತವೆ ಎಂದು ಯಾರೋ ಚೇಷ್ಟೆ ಮಾಡಿದರಂತೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತೇ ಕೂತು ಸರ್ವರಿನ ಸೆಟ್ಟಿಂಗಿನಲ್ಲಿ ಒಂದು ಸಾಲು ಬರೆದೆ: ಸ್ಕ್ರಿಪ್ಟ್ ಜಾತಿಯ ಫೈಲು ಯಾವುದೇ ಬರಲಿ, ನೋಡುವವರ ಬ್ರೌಸರು ಅದನ್ನು ಒಂದು ತಿಂಗಳು ತನ್ನ ಹತ್ತಿರವೇ ಇಟ್ಟುಕೊಳ್ಳಲಿ, ಮತ್ತೆ ಮತ್ತೆ ತರಿಸುವುದು ಬೇಡ. ಪುಟದ ಮೆನು, ಅಲಂಕಾರ ಇಂಥವನ್ನು ನಡೆಸುವ, ಎಂದೂ ಬದಲಾಗದ ಫೈಲುಗಳನ್ನು ನೆನೆದು ಬರೆದ ಸಾಲು ಅದು. ಪುಟ ಚಕ್ಕನೆ ತೆರೆಯತೊಡಗಿತು. ಮಾಸ್ತರರು ಶಹಭಾಸ್ ಎಂದರು. ನಾನೂ ನನ್ನ ಬೆನ್ನು ತಟ್ಟಿಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ ತಾಂಡೂರಿನ ಹುಡುಗಿಗೆ ನಾರಾಯಣಖೇಡದ ಗಂಡು ಗೊತ್ತಾಯಿತು. ಹುಡುಗಿ ಯಾಲಾಲ್ ಕಡೆಯ ಒಂದು ಶಾಲೆಯಲ್ಲಿ ಟೀಚರ್, ತಂದೆಗೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರ. ಹುಡುಗನಿಗೆ ತಂದೆ ಇಲ್ಲ, ಸಾಕಿದವರು ಬಟ್ಟೆ ಅಂಗಡಿಯ ಕಾಕಾ. ಈ ಸಂಬಂಧ ಹುಡುಕಿದ್ದೂ ಕಾಕಾನೇ, ಅವರೂರಿನ ನೆಟ್ ಸೆಂಟರಿನಲ್ಲಿ ಕೂತು, ನನ್ನ ಪಟ್ಟಿ ನೋಡಿ. ನಮ್ಮ ಸೈಟಿನಿಂದ ಕೂಡಿಬಂದ ಮೊದಲ ಸಂಬಂಧವೆಂದು ನಾನು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೆ. ಉಡಿ ತುಂಬಿದ ದಿನ ಕಾಕಾ ಫೋನ್ ಮಾಡಿದರು, ನಾನು ಹೆಸರು ತೆಗೆದೆ, ಪುಟ ತೆರೆದು ನೋಡಿದೆ, ಇರಲಿಲ್ಲ.

ಮರುದಿನ ಮತ್ತೆ ಕಾಕಾನ ಫೋನು. “ತಂಗೀ, ಹೆಸರ ಇನ್ನಾ ಅದಲ್ಲ.”

“ಇಲ್ರಿ ಕಾಕಾ, ನಿನ್ನೇನೇ ತೆಗದೀನಿ.”

“ನಾ ಕಣ್ಣಾರೆ ನೋಡಾಕ ಹತ್ತೀನಿ.”

ನಾನು ಇನ್ನೊಮ್ಮೆ ನೋಡಿದೆ. ಕೆಳಗಿನ ಅಂಗಡಿಯ ಕಂಪ್ಯೂಟರಿನಲ್ಲೂ ನೋಡಿದೆ, ಅದರಲ್ಲಿ ಹಿಂದೆಂದೂ ಈ ಸೈಟ್ ತೆರೆದಿರಲಿಲ್ಲ. ಎರಡರಲ್ಲೂ ಹೆಸರು ಇಲ್ಲ. ಕಾಕಾನ ಪಕ್ಕದಲ್ಲಿದ್ದ ನೆಟ್ ಸೆಂಟರಿನ ಮಾಲೀಕರಿಗೆ ಫೋನ್ ಕೊಡಿಸಿ, ಬೇರೆ ಯಂತ್ರದಲ್ಲಿ ನೋಡಿ ಹೇಳಿ ಎಂದೆ.

“ಮೇಡಂ, ಬಾಕಿ ಮಷೀನ್‌ದಾಗ ನಿಮ್ಮ ಕನ್ನಡ ಡಬ್ಬಿ ಡಬ್ಬಿ ಕಾಣ್ತದ. ಮೂಲಿ ಮಷೀನ್‌ಗಷ್ಟೇ ಅಕ್ಷರ ಕುಂದ್ರಿಸೀನಿ, ಕಾಕಾರ ಜಿದ್ದಿಗೆ.”

ಅಂದರೆ ನಾರಾಯಣಖೇಡದಲ್ಲಿ ನಮ್ಮ ಪಟ್ಟಿ ಓದಬೇಕಾದವರೆಲ್ಲ ಓದುತ್ತಿದ್ದದ್ದು ಆ ಮೂಲೆಯ ಒಂದೇ ಕಂಪ್ಯೂಟರಿನಲ್ಲಿ. ಹಳೆಯ ಫೈಲು ಉಳಿದಿರಬಹುದೆಂದು ಆಗ ನನಗೂ ಹೊಳೆಯಿತು. ಫೋನಿನಲ್ಲೇ ಒಂದೊಂದಾಗಿ ಹೇಳಿ ಬ್ರೌಸರಿನ ತಾತ್ಕಾಲಿಕ ಫೈಲುಗಳನ್ನು ಅಳಿಸಿಸಿದೆ. “ಹಾಂ, ಹೋತು ನೋಡ್ರಿ” ಎಂದರು ಮಾಲೀಕರು. ಕಾಕಾ ಕೂಡ “ಆತು ಬಿಡು ತಂಗೀ” ಎಂದರು. ಎಲ್ಲ ನೆಟ್ ಸೆಂಟರುಗಳದೂ ಇದೇ ಹಾಡು ಎಂದು ಕೈ ತೊಳೆದುಕೊಂಡೆ. ಫೈಲು ಯಾಕೆ ಉಳಿಯಿತು ಎಂದು ಅವತ್ತು ಒಂದು ಗಳಿಗೆ ಕೂತು ಯೋಚಿಸಿದ್ದರೆ ಮುಂದಿನದೊಂದೂ ಆಗುತ್ತಿರಲಿಲ್ಲ.

ಅದು ಪ್ರತ್ಯೇಕ ತೆಲಂಗಾಣಕ್ಕಾಗಿ ಸಮ್ಮೆಗಳು ನಡೆದ ಕಾಲ. ಬಸ್ಸು ಡಿಪೋ ಬಿಟ್ಟು ಹೊರಡುತ್ತಿರಲಿಲ್ಲ. ಕಲ್ಲಿದ್ದಲು ಗಣಿಯವರೂ ಕೆಲಸ ನಿಲ್ಲಿಸಿದ್ದರಿಂದ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಒಂದೂರಿನವರು ಇನ್ನೊಂದೂರಿಗೆ ಹೋಗಿ ಎದುರು ಕೂತು ಮಾತಾಡುವುದು ಕಷ್ಟವಾಗಿತ್ತು. ಹಾಗಾಗಿ ಸಂಶಯವೇನಿದ್ದರೂ ಫೋನಿನಲ್ಲೇ ಹುಟ್ಟಿ ಫೋನಿನಲ್ಲೇ ಬಲಿಯುತ್ತಿತ್ತು.

ಮತ್ತೆರಡು ದಿನಕ್ಕೆ ಕಾಕಾ ನನಗೆ ಫೋನ್ ಮಾಡಲಿಲ್ಲ, ಮಾಸ್ತರರಿಗೆ ಮಾಡಿದರು. ಹೆಸರು ಮತ್ತೆ ಬಂದಿದೆಯಂತೆ. “ನಾವು ಕೇಳಿದ್ರ ತೆಗೀತಾರ, ನಾವು ಎದ್ದು ಹೋದ್ರ ಹಾಕ್ತಾರ. ಇದೇನ್ ಆಟ ಹಚ್ಯಾರ?” ಎಂದರಂತೆ. ಮೊದಲು ಉಳಿದಿದ್ದ ಹೆಸರಿಗೆ ಮರೆವು ಎನ್ನಬಹುದಿತ್ತು. ತೆಗೆದು ಮತ್ತೆ ಬಂದ ಹೆಸರಿನಲ್ಲಿ ಯಾರದೋ ಕೈವಾಡ ಕಾಣುತ್ತದೆ. ತಾಂಡೂರಿನಲ್ಲಿ ಹುಡುಗಿಯ ತಂದೆಗೂ ಸುದ್ದಿ ಹೋಯಿತು. ಕಡೆಗೆ ಎರಡೂ ಊರಿಗೆ ನಡುವೆ ಬೀಳುವ ಜಹೀರಾಬಾದಿನಲ್ಲಿ, ಮಾಸ್ತರರ ಮನೆಯಲ್ಲಿ ಕೂಡಬೇಕು ಎಂದಾಯಿತು.

ತಂದೆ ಫರ್ಸಿ ತುಂಬಿದ ಲಾರಿಯಲ್ಲಿ, ಬಂದ್‌ನವರು ರಸ್ತೆಗೆ ಇಳಿಯುವ ಮೊದಲೇ ಬಂದು ತಲುಪಿದ್ದರು. ಅಂಗಿಯ ಮೇಲೆಲ್ಲ ಕಲ್ಲಿನ ಧೂಳು. ಕಾಕಾ ತಮ್ಮೂರಿನ ಇನ್ನೊಬ್ಬ ಹಿರಿಯರನ್ನು ಕರೆದುಕೊಂಡು ಮೋಟರ್‌ಸೈಕಲ್ ಮೇಲೆ ಬಂದರು. ಚಹಾ ಬಂದರೂ ಯಾರೂ ಕೈ ಹಚ್ಚಲಿಲ್ಲ. ತಾನು ಹೆಸರು ಹಾಕಿಸಿಲ್ಲವೆಂದು ತಂದೆ ಎಷ್ಟು ಸಲ ಹೇಳಿದರೂ ಕಾಕಾನ ಮುಖ ಸಡಿಲಾಗಲಿಲ್ಲ.

“ಹಂಗಿದ್ರ ವಿಭೂತಿ ಮುಟ್ಟಿ ಹೇಳ್ರಿ.”

ಮಾಸ್ತರರು “ಇದಕ್ಕೆಲ್ಲಾ ಅದ್ಯಾಕ್ರಿ” ಎನ್ನುವಷ್ಟರಲ್ಲಿ ತಂದೆ ಎದ್ದರು. ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡರು, ದೇವರ ಜಗುಲಿಯ ಮೇಲಿದ್ದ ವಿಭೂತಿ ಗಟ್ಟಿ ಮುಟ್ಟಿ ಹಣೆಗೆ ಹಚ್ಚಿಕೊಂಡರು. “ಉಡಿ ತುಂಬಿದ ಮ್ಯಾಲ ನನ್ನ ಮಗಳ ಹೆಸರ ನಾ ಯಾರಿಗೂ ಕೊಟ್ಟಿಲ್ಲ, ಕೊಡಿಸಿಲ್ಲ” ಎಂದರು. ಅವರ ದನಿ ಸ್ಥಿರವಾಗಿತ್ತು. ಮಗಳ ತಂದೆಯಾದವನು ಹೀಗೆ ನಿಲ್ಲಬೇಕಾಯಿತಲ್ಲ ಎಂದು ನನಗೆ ಅಲ್ಲೇ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನನ್ನ ಸೈಟಿನ ಮೇಲೆ ಸಂಶಯಪಟ್ಟರಲ್ಲ ಎಂಬ ಸಿಟ್ಟೇ ನನಗೆ ದೊಡ್ಡದಾಗಿತ್ತು.

ಎಲ್ಲರನ್ನೂ ನನ್ನ ಆಫೀಸಿಗೆ ಕರೆತಂದೆ. ಪುಟ ತೆರೆದೆ, ಬೆರಳಿಂದ ಒಂದೊಂದೇ ಸಾಲು ತೋರಿಸಿದೆ. ತಾಂಡೂರಿನ ಹುಡುಗಿ ಎಲ್ಲಿದ್ದಾಳೆ ಹೇಳಿ ಎಂದೆ. ಕಾಕಾ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದರು. “ಇಲ್ಲಿ ಇಲ್ಲ ಖರೆ. ಆದ್ರ ನಮ್ಮೂರಾಗ ಅದ” ಎಂದರು.

“ಇಂಟರ್ನೆಟ್ ಊರಿಗೊಂದು ಇರಂಗಿಲ್ರಿ ಕಾಕಾ. ಮೊದಲ ನಿಮ್ಮ ಚಷ್ಮಾದ ನಂಬರ್ ನೋಡಿಸ್ಕೋರಿ.”

ಅವರ ಜೊತೆಗೆ ಬಂದ ಹಿರಿಯರೂ ನಕ್ಕುಬಿಟ್ಟರು. ಎಲ್ಲರಿಗಿಂತ ಜೋರಾಗಿ ನಕ್ಕವರು ಹುಡುಗಿಯ ತಂದೆ. ಎದೆಯ ಮೇಲಿನ ಕಲ್ಲು ಇಳಿದವರ ನಗು ಅದು. ಕಾಕಾ ನಗಲಿಲ್ಲ, ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಮಾತು ನನ್ನ ಬಾಯಿಂದ ಹೋಗಿ ಆಗಿತ್ತು.

ಅವತ್ತು ಸಂಜೆಗೆ ಕಾಕಾ ತಮ್ಮೂರಿನ ನಾಲ್ಕು ಮಂದಿ ಹಿರಿಯರನ್ನು ನೆಟ್ ಸೆಂಟರಿಗೆ ಕರೆದುಕೊಂಡು ಹೋದರು. ಮೂಲೆಯ ಕಂಪ್ಯೂಟರಿನಲ್ಲಿ ಪಟ್ಟಿ ತೆರೆಸಿದರು. ಒಬ್ಬೊಬ್ಬರಿಂದಲೂ ಓದಿಸಿದರು. ಹೆಸರು ಇತ್ತು.

ಮಾಸ್ತರರು ಫೋನಿನಲ್ಲಿ ನನಗೆ ಕಾಕಾನ ಮಾತನ್ನೇ ಒಪ್ಪಿಸಿದರು: “ವಿಭೂತಿ ಮುಟ್ಟಿ ಸುಳ್ಳ ಹೇಳೋ ಮನಿತನದಿಂದ ನಾವು ಹೆಣ್ಣ ತರಂಗಿಲ್ಲ. ಉಡಿ ತುಂಬಿದ ಸೀರಿ ವಾಪಸ ಕಳಸ್ರಿ.” ಸ್ವಲ್ಪ ಹೊತ್ತಿಗೆ ಹುಡುಗಿಯ ತಂದೆಯ ಫೋನು ಬಂತು. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ.

“ತಂಗೀ, ನನಗ ತಿಳಿಯದಾಂಗ ನಮ್ಮ ಮನಿಯಾಗ ಯಾರಾರ ಹಾಕಿಸ್ಯಾರೇನು? ನೀನಾ ಹೇಳು. ನಾ ವಿಭೂತಿ ಮುಟ್ಟಿ ಸುಳ್ಳ ಹೇಳ್ದಾಂಗ ಆತೇನು?”

ತನ್ನ ಮಾತಿನ ಮೇಲೆ ತನಗೇ ಸಂಶಯ ಬಂದವನ ದನಿಯದು. ಆಗ ನನ್ನ ಸಿಟ್ಟು ಇಳಿಯಿತು. ಇಷ್ಟು ದಿನ ಸುಳ್ಳುಗಾರ ಯಾರು ಎಂದು ಕಾಕಾ ಹುಡುಕುತ್ತಿದ್ದರು, ನಾನೂ ಅದನ್ನೇ ಹುಡುಕುತ್ತಿದ್ದೆ. ಕಾಕಾ, ಹುಡುಗಿಯ ತಂದೆ ಇಬ್ಬರೂ ನಿಜವನ್ನೇ ಹೇಳುತ್ತಿದ್ದರೆ ಸುಳ್ಳು ಹೇಳುತ್ತಿರುವುದು ನಾನು ಕಟ್ಟಿದ ವಸ್ತುವೇ ಇರಬೇಕು ಎಂದು ಮೊದಲ ಸಲ ಅನ್ನಿಸಿತು. ಕಾರ್ಖಾನೆ ಬಂದ್ ಇದ್ದುದರಿಂದ ಮನೆಯಲ್ಲೇ ಇದ್ದ ನನ್ನ ಗಂಡ, “ಫೋನ್‌ದಾಗ ಎಷ್ಟ್ ದಿನಾ ಕುಸ್ತಿ ಹಿಡಿತೀ? ಹೋಗಿ ಕಣ್ಣೀಲೆ ನೋಡು, ನಾ ಬಿಡ್ತೀನಿ ನಡಿ” ಎಂದ.

ಬೆಳಿಗ್ಗೆ ಮೋಟರ್‌ಸೈಕಲ್ ಮೇಲೆ ಹೊರಟೆವು. ಕಬ್ಬಿನ ಹೊಲಗಳು ಮುಗಿದು ಸ್ವಲ್ಪ ದೂರ ಹೋಗಿರಬೇಕು, ರಸ್ತೆಯ ನಡುವೆ ಕಲ್ಲು ಹೂಡಿ ಒಲೆ ಹಚ್ಚಿದ್ದರು. ರಸ್ತೆಯಲ್ಲೇ ಅಡುಗೆ, ರಸ್ತೆಯಲ್ಲೇ ಊಟ, ಅದೇ ಅವತ್ತಿನ ಚಳವಳಿ. ಎಲ್ಲಿಗೆ ಎಂದು ಕೇಳಿದರು. ಮದುವೆ ಕೆಲಸ ಎಂದ ನನ್ನ ಗಂಡ. “ಪೆಳ್ಳಿ ಪನಾ? ಅಯಿತೇ ತಿನಿ ಪೋ” ಎಂದು ಒಬ್ಬ ಹೆಂಗಸು ಎಲೆಯಲ್ಲಿ ಬಿಸಿ ಅನ್ನ, ಬೇಳೆಯ ಪಪ್ಪು ಹಾಕಿಕೊಟ್ಟಳು. ಮದುವೆ ಕೆಲಸವೆಂದು ಉಂಡು ಹೋಗು ಎನ್ನುತ್ತಿದ್ದಾಳೆ, ನಾನು ಮುರಿದ ಮದುವೆಗೆ ಹೊರಟವಳು. ಎಲೆ ಬಿಟ್ಟು ಏಳುವುದು ತಪ್ಪಾಗುತ್ತದೆಂದು ಹೇಗೋ ಮುಗಿಸಿದೆ.

ನಾರಾಯಣಖೇಡದ ಆ ನೆಟ್ ಸೆಂಟರಿಗೆ ನಾನು ಬರುವ ಸುದ್ದಿ ಮೊದಲೇ ಮುಟ್ಟಿತ್ತು. ಕಾಕಾ ಬಂದು ಕೂತಿದ್ದರು. ನಮಸ್ಕಾರ ಮಾಡಿದೆ, ತಲೆ ಆಡಿಸಿದರು, ಅಷ್ಟೆ. ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಪುಟ ತೆರೆದೆ.

ತಾಂಡೂರಿನ ಹುಡುಗಿಯ ಹೆಸರು ಇತ್ತು. ಊರು, ಓದು, ಒಳಪಂಗಡ, ಎಲ್ಲ ನಾನೇ ಟೈಪು ಮಾಡಿದ ಹಾಗೆ ಇತ್ತು. ಹಿಂದೆ ನಿಂತಿದ್ದ ಕಾಕಾ ಮೆಲ್ಲಗೆ, “ನನ್ನ ಚಷ್ಮಾ ಬೇಕೇನು ತಂಗೀ, ಕೊಡ್ಲಿ?” ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಏನು ಮಾಡಬೇಕೆಂದು ತಿಳಿಯದೆ, ಬರೀ ಕೈಯ ಚಟಕ್ಕೆ, ಕಂಟ್ರೋಲ್ ಹಿಡಿದು ಎಫ್ ಫೈವ್ ಒತ್ತಿದೆ. ಪುಟ ಒಮ್ಮೆ ಬೆಳ್ಳಗಾಗಿ ಮತ್ತೆ ಬಂತು. ಹೆಸರು ಇರಲಿಲ್ಲ.

“ಏ! ಈಗ ಏನ್ ಜಾದೂ ಮಾಡಿದಿ?” ಕಾಕಾ ಹತ್ತಿರ ಬಂದರು. “ನನ್ನ ಮುಂದಾ ಕುಂತು ತೆಗೀತಿ?”

ಅವರು ಕಂಡದ್ದು ಅಷ್ಟೇ: ಇವಳ ಬೆರಳು ತಾಗಿತು, ಹೆಸರು ಹೋಯಿತು. ನನಗೆ ಕಂಡದ್ದು ಬೇರೆ. ಆ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಬ್ರೌಸರು ತನ್ನ ಹತ್ತಿರ ಇಟ್ಟುಕೊಂಡ ಫೈಲುಗಳನ್ನು ಬದಿಗಿಟ್ಟು, ಎಲ್ಲವನ್ನೂ ಸರ್ವರಿನಿಂದ ಹೊಸದಾಗಿ ತರಿಸುತ್ತದೆ. ಸೈಟ್ ಕಟ್ಟುವ ನಮ್ಮಂಥವರಿಗೆ ಅದು ಉಸಿರಾಟದಷ್ಟು ಅಭ್ಯಾಸ. ಜಹೀರಾಬಾದಿನಲ್ಲಿ ನಾನು ಪ್ರತಿ ಸಲವೂ ಹಾಗೆಯೇ ನೋಡಿದ್ದೆ. ಅವತ್ತು ಎಲ್ಲರ ಮುಂದೆ ತೋರಿಸಿದಾಗಲೂ ಹಾಗೆಯೇ ಒತ್ತಿದ್ದೆ. ಲೋಕದವರಿಗೆ ಕಾಣುವ ಪುಟವನ್ನು, ಕಟ್ಟಿದವಳಾದ ನಾನು ಒಮ್ಮೆಯೂ ನೋಡಿಯೇ ಇರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಹಿರಿಯರ ಕಣ್ಣೇ ಡೊಂಕು ಎಂದಿದ್ದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಇನ್ವರ್ಟರಿಗೆ ಮಾಲೀಕರು ಎರಡು ಯಂತ್ರಗಳನ್ನಷ್ಟೇ ಹಚ್ಚಿದ್ದರು, ಮೂಲೆಯದು ಅದರಲ್ಲಿರಲಿಲ್ಲ. ಕರೆಂಟು ಬಂದ ಮೇಲೆ ಅದನ್ನು ಚಾಲೂ ಮಾಡಿ ಪುಟ ತೆರೆದರೆ ಹೆಸರು ಮತ್ತೆ ಹಾಜರು. ಈ ಸಲ ನಾನು, ಕಾಕಾ ಇಬ್ಬರೂ ಬೆಪ್ಪಾದೆವು. ಯಾರೂ ಏನನ್ನೂ ಮುಟ್ಟಿರಲಿಲ್ಲ.

“ಮಷೀನ್ ಬಂದಾಗಿ ಚಾಲೂ ಆದ್ರ ಏನಾರ ಆಗ್ತದೇನ್ರಿ?” ಎಂದು ಮಾಲೀಕರನ್ನು ಕೇಳಿದೆ.

“ಎಲ್ಲಾ ಮಷೀನ್‌ಗೂ ಫ್ರೀಜ್ ಹಾಕೀನಲ್ರಿ ಮೇಡಂ. ಬಂದವರು ವೈರಸ್ ಬಿಟ್ಟು ಹೋಗ್ತಾರ. ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದ್ರ ಸಾಕು, ನಾ ಫ್ರೀಜ್ ಮಾಡಿದ ದಿನಾ ಹ್ಯಾಂಗಿತ್ತೊ ಹಂಗಾ ಆಗ್ತದ.”

ಫ್ರೀಜ್ ಮಾಡಿದ್ದು ಯಾವತ್ತು? ಕಾಕಾಗಾಗಿ ಕನ್ನಡ ಅಕ್ಷರ ಕೂರಿಸಿದ ದಿನ. ಅಕ್ಷರ ಸರಿ ಮೂಡುತ್ತವೋ ಎಂದು ನೋಡಲು ಅವರು ತೆರೆದದ್ದು ನಮ್ಮ ಪಟ್ಟಿಯನ್ನೇ. ಹುಡುಗಿಯ ಹೆಸರಿದ್ದ ಆ ದಿನದ ಪಟ್ಟಿ ಬ್ರೌಸರಿನ ಹೊಟ್ಟೆಯಲ್ಲಿ ಕೂತಿತ್ತು, ಮೇಲಿಂದ ಫ್ರೀಜ್ ಬಿತ್ತು. ಅಂದಿನಿಂದ ಕರೆಂಟು ಹೋಗಿ ಬಂದಾಗಲೆಲ್ಲ ಆ ಯಂತ್ರಕ್ಕೆ ಹಳೆಯ ಪಟ್ಟಿಯೇ ಮರಳಿ ಬರುತ್ತಿತ್ತು. ನಾನು ಫೋನಿನಲ್ಲಿ ಅಳಿಸಿಸಿದ್ದು ಮುಂದಿನ ಕರೆಂಟು ಹೋಗುವವರೆಗೆ ಮಾತ್ರ.

ಆದರೂ ಮಾಲೀಕರದು ತಪ್ಪಲ್ಲ. ಹಳೆಯ ಪಟ್ಟಿ ಇದ್ದರೂ, ಬ್ರೌಸರು “ಹೊಸದೇನಾದರೂ ಇದೆಯೇ” ಎಂದು ಸರ್ವರನ್ನು ಕೇಳಿದ್ದರೆ ಸಾಕಿತ್ತು. ಅದು ಯಾಕೆ ಕೇಳಲಿಲ್ಲ ಎಂಬುದೊಂದೇ ಉಳಿದ ಪ್ರಶ್ನೆ. ಉತ್ತರ ಹುಡುಕಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ಕ್ರಿಪ್ಟ್ ಜಾತಿಯ ಫೈಲು ಯಾವುದೇ ಬರಲಿ, ಒಂದು ತಿಂಗಳು ಇಟ್ಟುಕೊಳ್ಳಲಿ. ನನ್ನ ಬೆನ್ನು ನಾನೇ ತಟ್ಟಿಕೊಂಡ ಸಾಲು. ಕೇಳಿದಾಗಲೆಲ್ಲ ಹೊಸದಾಗಿ ತಯಾರಾಗುವ ಪಟ್ಟಿಯೂ ಹೊರಗೆ ಹೋಗುವಾಗ ಸ್ಕ್ರಿಪ್ಟ್ ಎಂದೇ ಹೇಳಿಕೊಂಡು ಹೋಗುತ್ತದೆ ಎಂಬುದು ಅದನ್ನು ಬರೆಯುವಾಗ ನನಗೆ ನೆನಪಾಗಿರಲಿಲ್ಲ.

ಇನ್ವರ್ಟರ್ ಇದ್ದ ಯಂತ್ರದ ಮುಂದೆ ಕೂತು ಸರ್ವರ್ ತೆರೆದೆ. ತಿಂಗಳ ನಿಯಮದಿಂದ ಪಟ್ಟಿಯನ್ನು ಹೊರಗೆ ತಂದೆ. ಪಟ್ಟಿ ಹೋಗುವಾಗ “ನನ್ನನ್ನು ಇಟ್ಟುಕೊಳ್ಳಬೇಡಿ, ಪ್ರತಿ ಸಲ ಕೇಳಿ” ಎಂಬ ಸೂಚನೆಯನ್ನೂ ಜೊತೆಗೆ ಕಳಿಸುವಂತೆ ಮಾಡಿದೆ. ಮೂಲೆಯ ಯಂತ್ರ ಬಂದ್ ಮಾಡಿ ಚಾಲೂ ಮಾಡಿಸಿದೆ. ಹೆಸರು ಹಾಗೇ ಇತ್ತು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಗಿತ್ತು ನನ್ನ ಕೆಲಸ. ನನ್ನ ಹೊಸ ಸೂಚನೆ ಕೇಳಲು ಬಂದವರಿಗೆ ಮಾತ್ರ ಸಿಗುತ್ತದೆ. ತನ್ನ ಹತ್ತಿರ ಇರುವುದೇ ಸರಿ ಎಂದು ನಂಬಿ ಕೂತ ಯಂತ್ರ ಕೇಳಲು ಬರುವುದೇ ಇಲ್ಲ, ತಿಂಗಳು ಮುಗಿಯುವವರೆಗೆ.

ಉಳಿದದ್ದು ಒಂದೇ ದಾರಿ, ಪಟ್ಟಿಯನ್ನು ಅದು ಹಿಂದೆಂದೂ ಕೇಳಿರದ ಹೆಸರಿನಿಂದ ಕರೆಸುವುದು. ಪುಟವು ಸ್ಕ್ರಿಪ್ಟನ್ನು ಕರೆಯುವ ಸಾಲಿನಲ್ಲಿ, ಫೈಲಿನ ಹೆಸರಿನ ಮುಂದೆ ಒಂದು ಪ್ರಶ್ನೆ ಚಿಹ್ನೆ ಇಟ್ಟು, ಪಟ್ಟಿ ಕೊನೆಗೆ ಬದಲಾದ ಹೊತ್ತನ್ನು ತಾನಾಗಿ ಅಂಟಿಸುವಂತೆ ಬರೆದೆ. ಪುಟಕ್ಕೆ ತಿಂಗಳ ನಿಯಮ ಇರಲಿಲ್ಲ, ಚಾಲೂ ಆದಾಗಲೆಲ್ಲ ಬ್ರೌಸರು ಅದನ್ನು ಹೊಸದಾಗಿ ಕೇಳುತ್ತಿತ್ತು. ಇನ್ನು ಮುಂದೆ ಪಟ್ಟಿ ಬದಲಾದರೆ ಕರೆಯುವ ಹೆಸರೂ ಬದಲಾಗುತ್ತದೆ. ಅಂಥ ಹೆಸರಿನ ಫೈಲು ತನ್ನ ಹತ್ತಿರ ಇಲ್ಲವಲ್ಲ ಎಂದು ಬ್ರೌಸರು ಸರ್ವರಿನ ಬಾಗಿಲಿಗೆ ಬರಲೇಬೇಕು.

ಮೂಲೆಯ ಯಂತ್ರ ಮತ್ತೆ ಚಾಲೂ ಆಯಿತು. ನಾನು ಕೀಲಿಮಣೆ ಮುಟ್ಟದೆ ದೂರ ನಿಂತು, “ಕಾಕಾ, ನೀವ ತೆರೀರಿ” ಎಂದೆ. ಅವರು ತೆರೆದರು. ಹೆಸರು ಇರಲಿಲ್ಲ. ಬಂದ್ ಮಾಡಿಸಿ ಇನ್ನೊಮ್ಮೆ ತೆರೆದರು. ಇರಲಿಲ್ಲ. ಅವರು ಕುರ್ಚಿ ಹಿಂದಕ್ಕೆ ಸರಿಸಿ ನನ್ನ ಕಡೆ ತಿರುಗಿದರು.

“ಅಂದ್ರ ಬೀಗರು ವಿಭೂತಿ ಮುಟ್ಟಿ ಖರೇನಾ ಹೇಳಿದ್ರು.”

“ಹೌದ್ರಿ. ನೀವೂ ಖರೇನಾ ಹೇಳಿದ್ರಿ. ತಪ್ಪ ನಂದು, ಕಾಕಾ. ಆ ಚಷ್ಮಾದ ಮಾತೂ ನಂದಾ ತಪ್ಪು.”

“ಮಷೀನ್‌ದು ಬಿಡು ತಂಗೀ.”

“ಮಷೀನ್‌ದಲ್ರಿ, ನಂದು” ಎಂದೆ. ಅಷ್ಟು ಹೇಳಿದ್ದಕ್ಕೆ ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಕಾಕಾ ಒಳ್ಳೆಯವರೇ. ಅಲ್ಲಿಂದಲೇ ತಾಂಡೂರಿಗೆ ಫೋನ್ ಹಚ್ಚಿ, ತಪ್ಪು ತಿಳುವಳಿಕೆಯಾಗಿತ್ತು, ಸೀರೆ ಕಳಿಸುವುದು ಬೇಡ, ಮದುವೆ ಮುಂದೆ ನಡೆಯಲಿ ಎಂದರು.

ಬಸ್ಸು ಶುರುವಾದ ಮೇಲೆ ಮಾಸ್ತರರ ಜೊತೆ ತಾಂಡೂರಿಗೆ ಹೋದೆ, ಎದುರು ನಿಂತು ಕ್ಷಮೆ ಕೇಳಲು. ಮನೆಯ ನೆಲಕ್ಕೆಲ್ಲ ನುಣುಪಾದ ಫರ್ಸಿ. ತಂದೆ ನನ್ನನ್ನು ಮಾತು ಮುಗಿಸಲೂ ಬಿಡದೆ, “ಆತು ಬಿಡವ್ವಾ, ಎಲ್ಲಾ ಒಳ್ಳೇದಾತು” ಎಂದರು. ಅಷ್ಟರಲ್ಲಿ ಹುಡುಗಿ ಒಳಗಿನಿಂದ ಬಂದಳು. ಅವಳ ಬಗ್ಗೆ ಇಷ್ಟೆಲ್ಲ ನಡೆದರೂ ಅವಳನ್ನು ನೋಡಿದ್ದು ಅವತ್ತೇ ಮೊದಲು. ಕೈಯಲ್ಲಿ ಮಡಿಸಿಟ್ಟ ಸೀರೆ. ಅದನ್ನು ಮಾಸ್ತರರ ಮುಂದೆ ಇಟ್ಟಳು.

“ಮಾಸ್ತರ್ರೆ, ಇದು ಅವರಿಗೆ ಮುಟ್ಟಸ್ರಿ.”

ಮಾಸ್ತರರು, ಅದು ಮಷೀನಿನ ದೋಷ, ಇವಳು ರಿಪೇರಿ ಮಾಡಿದ್ದಾಳೆ ಎಂದು ಮತ್ತೆ ಹೇಳಹೊರಟರು.

“ಅದು ತಿಳೀತ್ರಿ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ ಅಕ್ಕಾ” ಎಂದು ನನ್ನ ಕಡೆ ತಿರುಗಿದಳು. “ನಮ್ಮಪ್ಪನ ಕೈಲೆ ವಿಭೂತಿ ಮುಟ್ಟಿಸಿದ್ರು. ಮುಟ್ಟಿಸಿದ ಮ್ಯಾಲೂ ನಂಬಲಿಲ್ಲ. ಆ ಹುಡುಗನ ಹತ್ರ ನನ್ನ ನಂಬರ್ ಇತ್ತು, ಒಂದ ಫೋನ್ ಮಾಡಿ ಏನಂತ ಕೇಳಲಿಲ್ಲ. ನಾಳಿಗೆ ಆ ಮನಿಯಾಗ ಇನ್ನೊಂದೇನೋ ಕಂಡ್ರ ನಾ ಯಾರ ಮುಂದ ಏನ್ ಮುಟ್ಟಿ ಹೇಳ್ಲಿ? ನನ್ನ ಹೆಸರ ತಿರುಗಿ ಹಾಕ್ರಿ.”

ತಂದೆ ಸೀರೆಯನ್ನು ಮಾಸ್ತರರ ಕಡೆ ಸರಿಸಿದರು. ಆಮೇಲೆ ನನಗೆ, “ಹಾಕವ್ವಾ” ಎಂದರು. ಬಸ್ಸಿನಲ್ಲಿ ಮಾಸ್ತರರು ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ನಾರಾಯಣಖೇಡಕ್ಕೆ ತಾವೇ ಹೋಗಿ ಸಮಾಧಾನದಿಂದ ತಿಳಿಸುತ್ತೇನೆ ಎಂದರು. ನಾನು ಹೂಂ ಎಂದೆ.

ಮರುದಿನ ಆಫೀಸಿಗೆ ಹೋದವಳೇ ಮೊದಲು ಮಾಡಿದ ಕೆಲಸ ಅವಳ ಹೆಸರನ್ನು ಹಾಕಿದ್ದು. ಅವಳು ಕೇಳಿದ್ದನ್ನಾದರೂ ತಡಮಾಡದೆ ಮಾಡಿಕೊಡಬೇಕೆಂಬ ಆತುರ. ಈ ಸಲ ಎರಡು ಗುಂಡಿ ಒಟ್ಟಿಗೆ ಒತ್ತಲಿಲ್ಲ, ಎಲ್ಲರೂ ತೆರೆಯುವ ಹಾಗೆ ತೆರೆದೆ. ಹೆಸರು ಬಂದಿತ್ತು. ನನ್ನ ದುರಸ್ತಿ ಕೆಲಸ ಮಾಡುತ್ತಿದೆ ಎಂದು ಒಂದು ಕ್ಷಣ ಸಂತೋಷವೂ ಆಯಿತು. ಮಾಸ್ತರರು ನಾರಾಯಣಖೇಡಕ್ಕೆ ಇನ್ನೂ ಹೊರಟೇ ಇರಲಿಲ್ಲ ಎನ್ನುವುದು ನನ್ನ ತಲೆಯಲ್ಲಿರಲಿಲ್ಲ.

ಸ್ವಲ್ಪ ಹೊತ್ತಿಗೆ ಫೋನು ಬಂತು. ಆ ಕಡೆ ಕಾಕಾ. ದನಿಯಲ್ಲಿ ಸಿಟ್ಟಿಲ್ಲ, ಬದಲಾಗಿ ನನ್ನನ್ನು ನೋಯಿಸಬಾರದೆಂಬ ಎಚ್ಚರ.

“ತಂಗೀ, ಬ್ಯಾಸರ ಮಾಡ್ಕೋಬ್ಯಾಡ. ಮೂಲಿ ಮಷೀನ್‌ದಾಗ ಹೆಸರ ಮತ್ತ ಬಂದದ. ನಾ ಈ ಸಲ ಯಾರಿಗೂ ಹೇಳಿಲ್ಲ, ಮೊದಲ ನಿನಗಾ ಕೇಳಾಕ ಹತ್ತೀನಿ. ಹಳೇದಾ ಕಾಣಾಕ ಹತ್ಯಾದೇನು? ಇನ್ನೊಂಚೂರು ರಿಪೇರಿ ಉಳದದೇನು?”

ಹೌದು ಎಂದುಬಿಟ್ಟರೆ ಅವತ್ತಿನ ಮಟ್ಟಿಗೆ ಎಲ್ಲರಿಗೂ ಸುಖವಿತ್ತು.

“ಇಲ್ರಿ ಕಾಕಾ” ಎಂದೆ. “ಈ ಸಲ ನಿಮ್ಮ ಕಣ್ಣಿಗೆ ಕಾಣೂದು ಖರೇ ಅದ.”